ಪಲ್ಲಂಗದ ಬುಡಕಿನ ಕಡ್ಡಿ

ಬ್ಯಾಡಗಿ
ತಾ. 11-8-2024, ರವಿವಾರ

ಪ್ರೀತಿಯ ಅಕ್ಕಾ,

ತಂಗಿ ನಿರ್ಮಲಾ ನಿನ್ನ ಕಾಲು ಮುಟ್ಟಿ ಬರಿಯೂ ಕಾಗದ ಇದು. ನೀ ಹೆಂಗದೀದಿ? ಹೊಟ್ಟಿ ಮ್ಯಾಲಿನ ಹೊಲಿಗಿ ಜಾಗಾ ಈಗೂ ಜಗ್ಗತೈತೇನು, ಇಲ್ಲಾ ಪೂರಾ ಮಾಯೇತೋ? ಆರು ತಿಂಗಳ ತನಕ ಕೊಡಾ ಎತ್ತಬ್ಯಾಡ್ರಿ ಅಂತ ಡಾಕ್ಟರು ಹೇಳಿದ್ರು. ಈ ತಿಂಗಳಿಗೆ ಆರು ತುಂಬಿದುವು ಅಂತ ನೀ ಈಗಾಗಲೇ ನಳದ ಮುಂದ ಕೊಡಾ ಹಿಡಕೊಂಡು ನಿಂತಿರತಿ, ನಿನ್ನ ಸ್ವಭಾವ ನನಗ ಗೊತ್ತಿಲ್ಲೇನು. ರೊಟ್ಟಿ ಎಷ್ಟ ತಿಂತಿ? ಎರಡು ಅಂತ ನೀ ಹೇಳತಿ, ಒಂದು ಅಂತ ನಾ ತಿಳಕೋತೇನಿ, ಅರ್ಧ ತಿಂದು ಏಳತಿ. ಮಗ ಮೈಲೇಶ ಆರಾಮ ಅದಾನ? ಅವನ ಹೆಂಡ್ತಿ ನಿನ್ನ ಚಲೋ ನೋಡಿಕೋತಾಳ ಅಂತ ಕೇಳೇನಿ, ಅಕೀಗೆ ನನ್ನ ಆಶೀರ್ವಾದ ಹೇಳು. ಕುಪ್ಪೇಲೂರ ಕಡೆ ಗೋವಿನಜೋಳ ಎದಿಮಟಾ ಬಂದಾವಂತ, ಮೊನ್ನೆ ಬಸ್ಸಿನ್ಯಾಗ ಯಾರೋ ಅನ್ನಾಕತ್ತಿದ್ರು.

ಇಲ್ಲಿ ನಾವು ಆರಾಮ. ಆರಾಮ ಅನ್ನೂ ಮಾತು ಈ ಸಲ ಬಾಯಿಮಾತಿಗೆ ಬರದದ್ದಲ್ಲ ಅಕ್ಕಾ, ಖರೇನ ಆರಾಮ ಅದೇನಿ. ಜುಲೈ 29ಕ್ಕ ಹಾವೇರಿ ದವಾಖಾನಿಯಾಗ ನನ್ನ ಬಲಗಣ್ಣಿನ ಪೊರಿ ತಗದ್ರು. ಹೌದು, ಕಡೀಕೂ ತಗದ್ರು. ಈಗ ಕರೇ ಚಸ್ಮಾ ಹಾಕ್ಕೊಂಡು ಮನಿ ತುಂಬ ಅಡ್ಡಾಡತೇನಿ. ನಮ್ಮ ಮನಿಯವರು ನನ್ನ ನೋಡಿ ನೋಡಿ ನಗತಾರ, ನೀ ಥೇಟ್ ಎಲೆಕ್ಷನ್‌ಗೆ ನಿಂತಾಕಿ ಕಂಡಂಗ ಕಾಣತಿ ಅಂತಾರ. ಬಗ್ಗಬ್ಯಾಡ, ಒಲಿ ಮುಂದ ಕುಂದ್ರಬ್ಯಾಡ, ಭಾಳ ಓದಬ್ಯಾಡ, ಬರೀಬ್ಯಾಡ ಅಂತ ಹೇಳಿ ಕಳಿಸ್ಯಾರ. ಅದಕ್ಕ ಈ ಕಾಗದಾನ್ನ ನಾಕ ನಾಕ ಸಾಲು ಮಾಡಿ ಮೂರು ದಿನದಿಂದ ಬರಿಯಾಕತ್ತೇನಿ. ಅಕ್ಷರ ನೋಡು, ಸಾಲಿನ ಮ್ಯಾಲ ನೆಟ್ಟಗ ಕುಂತಾವು. ಹ್ವಾದ ವರ್ಷ ಮೈಲೇಶನ ಮಗಳ ಹೆಸರು ಇಡೂ ಕಾರ್ಯಾಕ್ಕ ಮುಯ್ಯಿ ಲಕೋಟಿ ಮ್ಯಾಲ ಬರದಿದ್ನೆಲ್ಲ, ಅದನ್ನ ಇದರ ಬಾಜೂಕ ಇಟ್ಟು ನೋಡು ಬೇಕಾದ್ರ.

ಫೋನ್ ಇರಬೇಕಾದ್ರ ಕಾಗದ ಯಾಕ ಅಂತ ನೀ ಕೇಳಬಹುದು. ಫೋನ್ ಮಾಡಿದ್ರ ನೀ ಏನ ಮಾಡತಿ? ಆರಾಮ ಅದೇನಿ, ನೀ ಆರಾಮ ಅದೀಯಿಲ್ಲ, ಇಡತೇನಿ. ಇಷ್ಟ. ಜುಲೈದಾಗ ನಾ ಒಂದ ಮಾತು ಹೇಳಬೇಕು ಅಂತ ಮಾಡಿದ್ರ, ಮಗ್ಗಲಮನಿ ಸುದ್ದಿ ನನಗ ಬ್ಯಾಡ ನಿರ್ಮಲಾ ಅಂತ ಇಟ್ಟುಬಿಟ್ಟಿ. ಪಂಚಮಿಗೆ ಬರತಿ ಅಂತ ಸೇಂಗಾದ ಉಂಡಿ, ಎಳ್ಳಿನ ಉಂಡಿ, ಮತ್ತ ನಿನಗ ಹಲ್ಲಿಗೆ ಮೆತ್ತಗಿರಲಿ ಅಂತ ರವಾದ ಉಂಡಿ ಮಾಡಿಸಿ ಇಟ್ಟಿದ್ದೆ. ನೀ ಬರಲಿಲ್ಲ. ತವರಮನಿ ಅಂತ ನಮಗೇನ ಉಳದೈತಿ, ನಿನಗ ನಾ, ನನಗ ನೀ. ಹಬ್ಬದ ದಿನಾ ಮಧ್ಯಾಹ್ನದ ತನಕ ಬಾಗಲದಾಗ ಕುಂತು ಪ್ರತಿ ಆಟೋ ನೋಡಿದೆ. ಅದಕ್ಕ ಈಗ ಕಾಗದ. ಇದನ್ನ ನಡುವ ಇಡಾಕ ಬರೂದಿಲ್ಲ. ಮಗ್ಗಲಮನಿ ಸುದ್ದಿನ ಐತಿ ಇದರಾಗ, ಆದ್ರ ಹರದು ಒಗೀಬ್ಯಾಡ, ಕಡೀತನಕಾ ಓದು. ನಿನಗ ನಮ್ಮವ್ವನ ಆಣಿ.

ಮಾರ್ಚ್ ತಿಂಗಳದಾಗ ಆ ದಿನಾ ನಿನಗ ನೆನಪೈತಿ, ನನಗೂ ನೆನಪೈತಿ. ಆಪರೇಶನ್ ಆಗಿ ನೀ ನಮ್ಮ ಮನಿಗೆ ಬಂದು ಇಪ್ಪತ್ತೆರಡು ದಿನಾ ಆಗಿತ್ತು. ಮೈ ಇಳದು ಕುಬಸದ ತೋಳಿನ್ಯಾಗ ಕೈ ತಿರಗತಿತ್ತು. ನಾ ಗಂಜಿ, ಹಾಲು, ಮೆತ್ತನ್ನ ಅನ್ನ ಅಂತ ನಿನ್ನ ಹಿಂದ ಬಿದ್ದಿದ್ದೆ, ಒಂದ ಕಿಲೋ ಮೈ ಹತ್ತಿದ್ರ ಸಾಕು ಅಂತ. ಮಧ್ಯಾಹ್ನ ಹಿತ್ತಲದಾಗ ನೆರಳಿಗೆ ಕುಂತು, ಮನಿ ಖಾರಪುಡಿಗೆ ಅಂತ ಮೆಣಸಿನಕಾಯಿ ತೊಟ್ಟು ಮುರಿಯಾಕತ್ತಿದ್ವಿ. ಆವಾಗ ಗ್ವಾಡಿ ಆಚಿಂದ ಮಗ್ಗಲಮನಿ ಕುತುಬುದ್ದೀನನ ಧ್ವನಿ ಬಂತು. ಅವನ ಮಾತು ನಿನಗೂ ಕಂಠಪಾಠ ಆಗಿರತೈತಿ. ದಬ್ಬೀದು ಚಿಂತಿ ಇಲ್ಲ, ಅದು ಮೈಕೈ ತುಂಬಿಕೊಂಡೈತಿ, ಈ ಕಡ್ಡೀದ ನನಗ ತಲಿಬ್ಯಾನಿ ಆಗೇತಿ, ಬರೇ ಸೊರಗೇತಿ, ಬಣ್ಣ ಅನ್ನೂದ ಇಲ್ಲ, ಇನ್ನ ಎಷ್ಟ ದಿನಾ ಮನ್ಯಾಗ ಇಟಗೊಂಡು ಕುಂದ್ರೂದು, ಯಾರರ ಒಯ್ತಾರೇನ ನೋಡು, ಲಗೂ ಸಾಗಹಾಕೂಣು.

ನಾ ನಿನ್ನ ಮಾರಿ ನೋಡಿದೆ, ನೀ ನನ್ನ ಮಾರಿ ನೋಡಿದಿ. ಸಣ್ಣಾಕಿದ್ದಾಗಿಂದ ನೀ ಕಡ್ಡಿ, ನಾ ದಬ್ಬಿ. ಅಪ್ಪ ಇಟ್ಟ ಹೆಸರು. ಅಪ್ಪ ಹೋದ, ಅವ್ವ ಹೋದ್ಲು, ಆ ಹೆಸರು ನಮ್ಮಿಬ್ಬರ ನಡುವ ಅಷ್ಟ ಉಳದಿತ್ತು. ನಮ್ಮ ಮನಿಯವರಿಗೂ ಗೊತ್ತಿಲ್ಲ, ನಿಮ್ಮ ಮೈಲೇಶಗೂ ಗೊತ್ತಿಲ್ಲ. ನೀ ಬುಟ್ಟಿ ಸರಿಸಿ ಎದ್ದು ಒಳಗ ಹೋದಿ. ಮರುದಿನಾ ಮುಂಜಾನೆ ಎದ್ದು ನೋಡಿದ್ರ ನಿನ್ನ ಚೀಲ ಕಟ್ಟಿ ರೆಡಿ ಇತ್ತು, ಮೈಲೇಶ ಬಾ ಅಂದಾನ ಅಂದಿ. ಅವ ಫೋನ್ ಮಾಡಿದ್ದಿಲ್ಲ ಅಂತ ನನಗೂ ಗೊತ್ತು, ನಿನಗೂ ಗೊತ್ತು. ಬಸ್ ಹತ್ತಿ ಕುಂತ ಮ್ಯಾಲ ಕಿಟಕಿಯಾಗಿಂದ ಒಂದ ಮಾತು ಕೇಳಿದಿ. ಅವರಿಗೆ ನಮ್ಮ ಹೆಸರು ಹೆಂಗ ಗೊತ್ತಾದುವು ನಿರ್ಮಲಾ ಅಂದಿ. ಹಿತ್ತಲದಾಗ ನಾವು ಚಾಷ್ಟಿ ಮಾಡೂದು ಕೇಳಿರಬೇಕ ಬಿಡು ಅಂದೆ ನಾ. ನೀ ಮಾರಿ ತಿರುವಿದಿ, ಬಸ್ ಹೋತು.

ಮನಿಗೆ ಬಂದಾಕಿನ ನಾ ಏನ ಮಾಡಿರತೇನಿ ಅಂತ ನಿನಗ ಹೇಳಬೇಕೇನು. ಅವರ ಕಟ್ಟಿ ಮುಂದ ನಿಂತು ಹತ್ತು ಮಂದಿ ಕೇಳೂವಂಗ ಬಾಯಿ ಮಾಡಿದೆ. ಮಾನ ಮರ್ಯಾದಿ ಇಲ್ಲದಾರು, ಬ್ಯಾರೆಯವರ ಮನ್ಯಾಗಿನ ಜಡ್ಡು ಜಾಪತ್ರಿ ನೋಡಿ ನಗಾವರು, ನಾಲಿಗಿಗೆ ಎಲಬಿಲ್ಲ ಅಂತ ಹೆಂಗರ ಮಾತಾಡಾವರು ಅಂತ. ಅವನ ತಾಯಿ ಜೈತೂನಬಿ ಬಾಗಲದಾಗ ನಿಂತು, ಏನಾತ ಬಾಯೇರ, ಏನಾತ ಹೇಳರಿ ಅಂತ ಅನ್ನಕೋತ ನಿಂತ್ಲು. ಏನಂತ ಹೇಳಲಿ? ನಮ್ಮಕ್ಕಗ ಕಡ್ಡಿ ಅಂದ್ರಿ, ಸಾಗಹಾಕೂಣು ಅಂದ್ರಿ ಅಂತ ನಾನ ಬಾಯಿ ಬಿಟ್ಟು ಓಣಿ ತುಂಬ ಸಾರಬೇಕೇನು? ಅದಕ್ಕ ಕಾರಣ ಹೇಳದ ಬೈದೆ. ಏನ ಮಾಡೀರಿ ಅಂತ ನಿಮಗ ಗೊತ್ತೈತಿ ಅಂತ ಹೇಳಿ ಬಾಗಲಾ ಬಡದು ಒಳಗ ಬಂದೆ. ಅವರು ತಮ್ಮೊಳಗ ಉರ್ದುದಾಗ ಮಾತಾಡತಾರ, ಅವತ್ತ ಮಾತ್ರ ಕನ್ನಡದಾಗ ಮಾತಾಡ್ಯಾರ ಅಂದ್ರ ನಮಗ ಕೇಳಲಿ ಅಂತನ ಮಾತಾಡ್ಯಾರ, ಇಷ್ಟು ಲೆಕ್ಕಾ ಹಾಕೂವಷ್ಟು ಶಾಣ್ಯಾಕಿ ನಾ. ಓಣ್ಯಾಗ ಒಂದಿಬ್ಬರು ಈ ಜಗಳಕ್ಕ ಬ್ಯಾರೆ ಬಣ್ಣ ಹಚ್ಚಾಕ ಬಂದಿದ್ರು, ಅವರ ಜಾತೀನ ಹಂಗ ಅಂತ. ಅವರ್ನ ಬಾಗಲದಾಗಿಂದ ಹಂಗ ಹೊಳ್ಳಿಸಿ ಕಳಿಸಿದೆ. ನನ್ನ ಸಿಟ್ಟು ನನ್ನದು, ಅದನ್ನ ಯಾರಿಗೂ ಕಡಾ ಕೊಡೂದಿಲ್ಲ ಅಂದೆ.

ಆಮ್ಯಾಲ ನಾಕು ತಿಂಗಳು ನಾ ಹೆಂಗ ಇದ್ನೆಂದ್ರ ಅಕ್ಕಾ, ನನಗ ಈಗ ನೆನಸಿಕೊಂಡ್ರ ನಾಚಿಕಿ ಬರತೈತಿ. ಮುಂಜಾನೆ ಎದ್ದಾಕಿನ ಮೊದಲ ಗ್ವಾಡಿಗೆ ಕಿವಿ ಕೊಡೂದು, ಅವರು ಎದ್ದಾರೋ ಇಲ್ಲೋ ಅಂತ. ಅವರ ಬಾಗಲಾ ಹಾಕಿದ್ರ ನಾ ಅಂಗಳ ಕಸಾ ಹೊಡಿಯೂದು, ತಗದ್ರ ಒಳಗ ಬರೂದು. ಹಿತ್ತಲದಾಗ ಅರಿವಿ ಒಣ ಹಾಕೂದು ಬಿಟ್ಟು ಮಾಳಿಗಿ ಮ್ಯಾಲ ಹಾಕಾಕ ಹತ್ತಿದೆ, ಈ ಮೊಣಕಾಲಿನ್ಯಾಗ ದಿನಾ ಹದಿನೆಂಟು ಮೆಟ್ಟಲಾ ಹತ್ತೂದು ಇಳಿಯೂದು. ಜೈತೂನಬಿ ಮಧ್ಯಾಹ್ನ ಅಡ್ಡಾಗತಾಳ ಅಂತ ಗೊತ್ತಿದ್ದು, ಬರೋಬ್ಬರಿ ಅದ ಹೊತ್ತಿಗೆ ಮಿಕ್ಸರ್ ಹಾಕತಿದ್ದೆ. ಅದರಾಗ ಏನೂ ಇರತಿದ್ದಿಲ್ಲ, ಖಾಲಿ ಮಿಕ್ಸರು. ರಂಜಾನಕ್ಕ ಅವರ ಸೊಸಿ ದಿಲನಾಜ ಶೀರಖುರ್ಮಾ ತಗೊಂಡು ಬಂದ್ಲು, ನಮ್ಮ ಮನ್ಯಾಗ ಸಕ್ಕರಿ ತಿನ್ನೂದಿಲ್ಲವಾ ಅಂತ ಹೊಸ್ತಿಲದಾಗಿಂದನ ಹೊಳ್ಳಿ ಕಳಿಸಿದೆ. ಆ ಹುಡುಗಿ ಮಾರಿ ಸಣ್ಣದಾತು. ನಾ ಒಳಗ ಬಂದು ಎರಡು ಚಮಚಾ ಸಕ್ಕರಿ ಹಾಕ್ಕೊಂಡು ಚಾ ಕುಡದೆ.

ನಮ್ಮ ಮನಿಯವರಿಗೆ ಕಟ್ಟಪ್ಪಣಿ ಮಾಡಿದ್ದೆ, ಆ ಮನಿ ಸುದ್ದಿ ಈ ಮನ್ಯಾಗ ಎತ್ತಬಾರದು ಅಂತ. ಅವರ ಸ್ವಭಾವ ನಿನಗ ಗೊತ್ತು, ಒಂದ ಸಲ ಬ್ಯಾಡ ಅಂದ್ರ ಮುಗೀತು, ಕೇಳಿದ್ದಷ್ಟಕ್ಕ ಉತ್ತರ ಕೊಡೂ ಮನಶ್ಯಾ. ಈ ಮಾತು ನೆನಪಿನ್ಯಾಗ ಇಟಗೋ, ಮುಂದ ಬರತೈತಿ.

ಸಿಟ್ಟು ಅವರ ಮ್ಯಾಲ ಇತ್ತು, ಆದ್ರ ಇದ್ದದ್ದು ನನ್ನ ಮೈಯಾಗ. ನಿದ್ದಿ ಹೋತು. ಹಲ್ಲು ಕಚ್ಚಿ ಕಚ್ಚಿ ದವಡಿ ನೋಯತಿತ್ತು. ತಲಿ ಹಿಂದಿನ ಕಡೆ ಯಾರೋ ಒತ್ತಿ ಹಿಡದಂಗ. ಅವರ ಮನ್ಯಾಗ ಒಂದು ಪಾತ್ರಿ ಬಿದ್ರ ನನ್ನ ಎದಿ ಡಬಡಬ ಬಡಕೋತಿತ್ತು. ಕಣ್ಣಿನ ಪೊರಿ ಬಲತಿತ್ತಲ್ಲ, ಏಪ್ರಿಲ್‌ದಾಗ ಹಾವೇರಿ ದವಾಖಾನಿಗೆ ಹೋದ್ವಿ. ಬಿಪಿ ನೋಡಿದ್ರು, ನೂರಾ ಎಂಬತ್ತಾರು. ಇಷ್ಟು ಬಿಪಿ ಇಟಗೊಂಡು ಕಣ್ಣಿಗೆ ಕೈ ಹಚ್ಚಾಕ ಬರೂದಿಲ್ರಿ, ಇಳದ ಮ್ಯಾಲ ಬರ್ರಿ ಅಂತ ಹೊಳ್ಳಿಸಿ ಕಳಿಸಿದ್ರು. ಗುಳಿಗಿ ತಿಂದೆ, ಉಪ್ಪು ಬಿಟ್ಟೆ, ಉಪ್ಪಿನಕಾಯಿ ಭರಣಿ ಮ್ಯಾಲಿನ ಮಾಡಕ್ಕ ಏರಿಸಿದೆ. ಮೇದಾಗ ಮತ್ತ ಹೋದ್ರ ನೂರಾ ಎಂಬತ್ತೆರಡು. ಆ ಹೊತ್ತಿಗೆ ಬಲಗಣ್ಣು ಪೂರಾ ಮುಚ್ಚಿದಂಗ, ಎಡಗಣ್ಣಿಗೆ ಮಂಜು. ಎದರಿಗೆ ಬಂದಾರು ಯಾರಂತ ಧ್ವನಿ ಕೇಳಿ ಹೇಳಬೇಕು. ಹೊಸ್ತಿಲಾ ಎಡವಿ ಒಮ್ಮೆ ಬಿದ್ದೆ, ನಿನಗ ಹೇಳಿಲ್ಲ. ಇನ್ನೂ ತಡಾ ಮಾಡಿದ್ರ ಕಣ್ಣಿಗೆ ತ್ರಾಸ ಆಗತೈತ್ರಿ ಅಂದ್ರು. ಅಲ್ಲಿಯ ಲೇಡಿ ಡಾಕ್ಟರು ಭಾಳ ಸಮಾಧಾನದಾಕಿ. ಮನ್ಯಾಗ ಏನರ ಜಗಳಾ ಐತೇನ್ರಿ ಅಮ್ಮಾರ ಅಂತ ಕೇಳಿದ್ಲು. ನಮ್ಮ ಮನ್ಯಾಗ ಏನೂ ಇಲ್ರಿ, ಮಗ್ಗಲಮನ್ಯಾಗ ಐತಿ ಅಂದೆ. ಅಕಿ ಬರಿಯೂದು ಬಿಟ್ಟು ನನ್ನ ಕಡೆ ನೋಡಿ, ಮಗ್ಗಲಮನಿ ಜಗಳಾ ನಿಮ್ಮ ಮೈಯಾಗ ಯಾಕ ಇಟಗೊಂಡೀರಿ, ಅದಕ್ಕ ನನ್ನ ಕಡೆ ಗುಳಿಗಿ ಇಲ್ರಿ ಅಂದ್ಲು. ನನಗ ಅಕಿ ಮ್ಯಾಲೂ ಸಿಟ್ಟು ಬಂತು.

ಈಗ ಕೇಳು. ಜುಲೈ ಮೊದಲನೇ ವಾರ, ಜಿಟಿಜಿಟಿ ಮಳಿ. ನಾ ಹಿತ್ತಲದಾಗ ಬಚ್ಚಲ ಮುಂದ ಬಾಂಡೆ ತಿಕ್ಕಾಕ ಕುಂತಿದ್ದೆ. ಮಗ್ಗಲಮನ್ಯಾಗ ಏನೋ ಎಳದಾಡೂ ಸಪ್ಪಳ. ಪ್ಯಾಟಿ ಹಮಾಲ ಹನುಮಪ್ಪನ ಧ್ವನಿ ಕೇಳಿತು, ಬೇವಿನಗಿಡದ ಓಣಿ ಹನುಮಪ್ಪ, ನಿನಗ ಗೊತ್ತಿರಬೇಕು. ಜೈತೂನಬಿ ಅವಗ ಹೇಳಾಕತ್ತಿದ್ಲು. ಹನುಮಪ್ಪಾ, ಮೊದಲ ಆ ಕಡ್ಡೀನ ನನ್ನ ಪಲ್ಲಂಗದ ಬುಡಕಿಂದ ಎಳದು ಹೊರಗ ಹಾಕಪಾ, ಸೀನಿ ಸೀನಿ ಸಾಕಾಗೇತಿ, ದಬ್ಬಿ ಬೇಕಾದ್ರ ಅಲ್ಲೇ ಮೂಲ್ಯಾಗ ಇರಲಿ ಅಂತ.

ನನ್ನ ಕೈಯಾಗಿನ ಬೋಗಾಣಿ ಕೈಯಾಗ ಉಳೀತು. ನಮ್ಮಕ್ಕ ಕುಪ್ಪೇಲೂರಾಗ ಅದಾಳ. ಇವರ ಪಲ್ಲಂಗದ ಬುಡಕ ಹೆಂಗ ಬಂದ್ಲು? ಮತ್ತ ನಾ ಇಲ್ಲೆ ಬಚ್ಚಲ ಮುಂದ ಕುಂತೇನಿ, ಅವರ ಮೂಲ್ಯಾಗ ಇರೂ ದಬ್ಬಿ ಯಾರು?

ಬೂದಿ ಕೈಲೇ ಎದ್ದೆ. ನಾಕು ತಿಂಗಳ ಮ್ಯಾಲ ಮೊದಲನೇ ಸಲ ಅವರ ಕಟ್ಟಿ ಹತ್ತಿದೆ. ಜೈತೂನಬಿ ನನ್ನ ನೋಡಿ ಎರಡು ಹೆಜ್ಜಿ ಹಿಂದ ಸರದ್ಲು, ಮತ್ತ ಬೈಯಾಕ ಬಂದಾಳ ಅಂತ. ನಾ ಪಡಸಾಲ್ಯಾಗ ಎಳದು ಹಾಕಿದ್ದ ಚೀಲಕ್ಕ ಕೈ ಹಾಕಿ ಒಂದು ಹಿಡಿ ತಗದೆ. ಕಣ್ಣು ಕಾಣದಿದ್ರೂ ಕೈಗೆ ಕಾಣತೈತೆಲ್ಲ ಅಕ್ಕಾ. ಉದ್ದನ್ನ, ಸಣಕಲ, ಮೈ ತುಂಬ ನಿರಗಿ. ಅಪ್ಪ ಮೆಣಸಿನಕಾಯಿ ಪ್ಯಾಟ್ಯಾಗ ಚೀಲಾ ಹೊತ್ತು ಸಂಜಿ ಮುಂದ ನಮ್ಮೂರು ಕದರಮಂಡಲಗಿಗೆ ಬರತಿದ್ನಲ್ಲ, ಅಂಗಿ ಕಿಸೇದಾಗಿಂದ ಒಂದು ಕಡ್ಡಿಕಾಯಿ ತಗದು ನಿನ್ನ ಕೈಯಾಗ ಇಡತಿದ್ದ, ಡುಬ್ಬನ್ನ ದಬ್ಬಿಕಾಯಿ ನನ್ನ ಕೈಯಾಗ. ಇದು ನೀ, ಇದು ನೀ ಅಂತಿದ್ದ. ಅದ ಕಡ್ಡಿ ನನ್ನ ಕೈಯಾಗ ಇತ್ತು. ಬ್ಯಾಡಗ್ಯಾಗ ಹುಟ್ಟಿದ ಕೂಸಿಗೂ ಗೊತ್ತು, ಕಡ್ಡಿ ಅಂದ್ರ ಮೆಣಸಿನಕಾಯಿ, ದಬ್ಬಿ ಅಂದ್ರ ಮೆಣಸಿನಕಾಯಿ. ಊರ ಮಂದಿಗೆಲ್ಲ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ ತಿಳೀಲಿಲ್ಲ, ಯಾಕಂದ್ರ ನಮಗ ಅದು ಮೊದಲ ನಮ್ಮ ಹೆಸರು. ಅವತ್ತ ನಮ್ಮ ಬುಟ್ಟಿಯಾಗ ಇದ್ದದ್ದೂ ಕಡ್ಡಿನ ಅಕ್ಕಾ, ಅದರ ತೊಟ್ಟು ಮುರಕೋತ ಕುಂತು ಅದರ ಸುದ್ದೀನ್ನ ನಮ್ಮದಂತ ತಿಳಕೊಂಡ್ವಿ.

ಕುತುಬುದ್ದೀನ ಮೊದಲ ರಾಣೆಬೆನ್ನೂರಾಗ ಬಟ್ಟಿ ಅಂಗಡ್ಯಾಗ ಇದ್ದ, ಇಲ್ಲೂ ಅದನ್ನ ಮಾಡತಾನ ಅಂತ ನಾವು ತಿಳದಿದ್ವಿ. ಅವ ಅದನ್ನ ಬಿಟ್ಟು ಮೆಣಸಿನಕಾಯಿ ವ್ಯಾಪಾರಕ್ಕ ಇಳದಿದ್ದ. ಹೊಸಬ. ಕಡ್ಡಿ ತಗೊಂಡಿದ್ದ, ಅದರ ಬಣ್ಣ ಹೋಗಿತ್ತು, ಕೋಲ್ಡ್ ಸ್ಟೋರೇಜಿನ್ಯಾಗ ಜಾಗಾ ಸಿಗಲಿಲ್ಲ ಅಂತ ಮನ್ಯಾಗ ತಂದು ಇಟ್ಟಿದ್ದ. ಅವತ್ತ ಫೋನಿನ್ಯಾಗ ಹುಬ್ಬಳ್ಳಿ ವ್ಯಾಪಾರಿ ಜೋಡಿ ಮಾತಾಡಾಕತ್ತಿದ್ದ, ಅದಕ್ಕ ಕನ್ನಡ. ಚೀಲದ ಮ್ಯಾಲ ದಪ್ಪನ್ನ ಅಕ್ಷರದಾಗ ಕಡ್ಡಿ, ದಬ್ಬಿ ಅಂತ ಬರದು ನಾಕು ತಿಂಗಳು ಪಡಸಾಲ್ಯಾಗ ಒಟ್ಟಿದ್ರು, ಅಲ್ಲಿ ಹಿಡಿಸಲಾರದ್ದು ಪಲ್ಲಂಗದ ಬುಡಕ. ದಾರ್ಯಾಗ ಹೋಗಾವರೆಲ್ಲ ಓದಿಕೊಂಡು ಹೋಗ್ಯಾರ. ನಾ ಅವು ಬಟ್ಟಿ ಗಂಟು ಅಂತ ತಿಳದಿದ್ದೆ. ನನ್ನ ಕಣ್ಣಿಗೆ ಪೊರಿ. ಪೊರಿ ತಗಿಯಾಕ ಬಿಪಿ ಬಿಡವಲ್ದು. ಬಿಪಿ ಏರಿದ್ದು ಆ ಚೀಲದ ಸಲುವಾಗಿ. ಘಾಟು ಬರಲಿಲ್ಲೇನು ಅಂತ ನೀ ಕೇಳಬಹುದು. ಈ ಊರಾಗ ಘಾಟು ಯಾವ ಮನೀದು ಅಂತ ಯಾರು ಹುಡುಕತಾರ.

ಆ ಹಿಡಿ ಮೆಣಸಿನಕಾಯಿ ಹಿಡಕೊಂಡು ನಾ ಅವರ ಚೀಲದ ಮ್ಯಾಲನ ಕುಂತೆ. ಮೊದಲ ನಗು ಬಂತು, ಆಮ್ಯಾಲ ಅಳು ಬಂತು, ಮಾರಿ ಒರಸಿಕೊಳ್ಳಾಕ ಹೋಗಿ ಕಣ್ಣಾಗ ಖಾರ ಬಿತ್ತು. ಜೈತೂನಬಿ ಓಡಿ ಹೋಗಿ ತಣ್ಣೀರು ತಂದು ತನ್ನ ಸೆರಗಿಲೇ ನನ್ನ ಕಣ್ಣು ಒರಸಿದ್ಲು. ಎಲ್ಲಾ ಹೇಳಿದೆ. ಅಪ್ಪ ಇಟ್ಟ ಹೆಸರು, ನೀ ಕೇಳಿದ್ದು, ನಾ ಕೇಳಿದ್ದು, ನೀ ಬಸ್ ಹತ್ತಿ ಹೋದದ್ದು. ಅಕಿ ಕೇಳಿ ಕೇಳಿ ಕೆಮ್ಮು ಬರೂ ತನಕ ನಕ್ಕು, ಆಮ್ಯಾಲ ಅಕೀನೂ ಅತ್ತಳು. ಅಕಿ ಕಥಿ ಕೇಳಿದ್ರ ನನಗ ನೆಲಾ ಬಿರದು ಒಳಗ ಹೋಗೂವಂಗ ಆತು. ನಾ ಬೈದ ಮ್ಯಾಲ ಅಕಿ ಕಟ್ಟಿಗೆ ಬಂದು ಕುಂದ್ರೂದು ಬಿಟ್ಟಾಳ, ಸಂಜಿ ಮುಂದ ಗುಡಿ ತನಕ ಅಡ್ಡಾಡೂದು ಬಿಟ್ಟಾಳ. ಸಕ್ಕರಿ ಕಾಯಿಲೆ ಮುನ್ನೂರಾ ಹತ್ತಕ್ಕ ಏರೇತಿ. ಬಾಯೇರಿಗೆ ನಾವು ಮಗ್ಗಲದಾಗ ಇರೂದು ಸೇರವಲ್ದು, ಹಿಂತಾ ಕಡೆ ಹೆಂಗ ಇರೂದು ಅಂತ ಮಗಗ ಬ್ಯಾರೆ ಮನಿ ನೋಡಾಕ ಹೇಳಿದ್ದಳಂತ. ಒಂದ ಗ್ವಾಡಿ, ಈ ಕಡೆ ನಾ ಬಿಪಿ ಗುಳಿಗಿ ನುಂಗೂದು, ಆ ಕಡೆ ಅಕಿ ಸಕ್ಕರಿ ಗುಳಿಗಿ ನುಂಗೂದು. ನಾ ಅಕಿ ಕೈ ಹಿಡಕೊಂಡು ತಪ್ಪಾತು ಅಂದೆ. ನಾ ತಪ್ಪಾತು ಅಂದದ್ದು ನೀ ಎಂದಾದ್ರೂ ಕೇಳೀಯೇನು? ಅಕಿ ಕೇಳಿದ್ಲು.

ಸಂಜಿಗೆ ನಮ್ಮ ಮನಿಯವರು ಬಂದ್ರು, ಇವರಿಗೆ ಹೇಳಿದೆ. ಇವರು ಚಪ್ಪಲಿ ಬಿಡಕೋತ, ಹೌದು, ಅವ ಜನವರಿಯಿಂದನ ಮೆಣಸಿನಕಾಯಿ ವ್ಯಾಪಾರ ಮಾಡಾಕತ್ತಾನಲ್ಲ, ಕಡ್ಡಿ ಕೈ ಕಚ್ಚೇತಿ ಪಾಪ ಅಂದ್ರು. ನಿಮಗ ಹೆಂಗ ಗೊತ್ತು ಅಂದ್ರ, ದಿನಾ ಮುಂಜಾನೆ ಪ್ಯಾಟಿ ಮುಂದಿನ ಹೊಟೇಲಿನ್ಯಾಗ ಇಬ್ಬರೂ ಕೂಡೇ ಚಾ ಕುಡೀತೇವಿ ಅಂದ್ರು. ನಾಕು ತಿಂಗಳು ಅಕ್ಕಾ. ನಾ ಇಲ್ಲಿ ಹಲ್ಲು ಕಚ್ಚಿ ಸಾಯಾಕತ್ತಿದ್ರ ಇವರು ಅಲ್ಲಿ ಚಾ ಕುಡಿಯಾಕತ್ತಾರ. ಯಾಕ ಹೇಳಲಿಲ್ಲ ಅಂದ್ರ, ಆ ಮನಿ ಸುದ್ದಿ ಎತ್ತಬ್ಯಾಡ ಅಂದಿದ್ದೀಯಲ್ಲ ನೀ ಅಂದ್ರು. ಏನ ಮಾಡ್ಲಿ ಈ ಮನಶ್ಯಾನ್ನ ಕಟಗೊಂಡು.

ಅವತ್ತ ಮಲಗಿದಾಕಿ ಎದ್ದದ್ದು ಮುಂಜಾನೆ ಏಳಕ್ಕ. ಹಾಲಿನವ ಬಂದು ಕೂಗಿ ಹೋಗ್ಯಾನ, ನನಗ ಎಚ್ಚರಿಲ್ಲ. ಮೂರು ವಾರ ಬಿಟ್ಟು ಹಾವೇರಿಗೆ ಹೋದ್ರ ಬಿಪಿ ನೂರಾ ಮೂವತ್ತಾರು. ಆ ಡಾಕ್ಟರು ಎರಡೆರಡು ಸಲ ಪಟ್ಟಿ ಸುತ್ತಿ ನೋಡಿದ್ಲು. ಗುಳಿಗಿ ಬದಲಿ ಮಾಡೀರೇನ್ರಿ ಅಂದ್ಲು. ಇಲ್ರಿ, ಗುಳಿಗಿ ಅವ ಅದಾವು, ಮಗ್ಗಲಮನಿ ಅಷ್ಟ ಬದಲಾಗೇತಿ ಅಂದೆ. ಅಕಿಗೂ ನಗು ತಡೀಲಿಲ್ಲ. ಆಪರೇಶನ್ ದಿನಾ ಇವರ ಜೋಡಿ ದಿಲನಾಜನೂ ಬಂದಿದ್ಲು, ಹೊರಗಿನ ಬೆಂಚಿನ ಮ್ಯಾಲ ನನ್ನ ಬಳಿ, ಸರಾ ಎಲ್ಲಾ ತನ್ನ ಸೆರಗಿನ್ಯಾಗ ಕಟಗೊಂಡು ಕುಂತಿದ್ಲು. ಮರುದಿನಾ ಪಟ್ಟಿ ಬಿಚ್ಚಿ ಮನಿಗೆ ಬಂದಾಗ ಮೊದಲ ಅವರ ಪಡಸಾಲಿಗೆ ಹೋದೆ. ಒಂದು ಚೀಲ ನನ್ನ ಸಲುವಾಗಿ ಮಾರದ ಇಟ್ಟಿದ್ರು. ಓದಿದೆ. ಕಡ್ಡಿ. ಕ ಕಂಡಿತು, ಡ ಕಂಡಿತು, ಅದರ ಕೆಳಗಿನ ಒತ್ತೂ ಕಂಡಿತು.

ಈಗ ಹಿತ್ತಲದಾಗ ಗ್ವಾಡಿ ಈ ಕಡೆ ನಾ, ಆ ಕಡೆ ಜೈತೂನಬಿ, ದಿನಾ ಮಧ್ಯಾಹ್ನ ಮಾತಾಡಿಕೋತ ಕುಂದ್ರತೇವಿ. ಒಬ್ಬರ ಮಾರಿ ಒಬ್ಬರಿಗೆ ಕಾಣೂದಿಲ್ಲ, ಮಾತು ಕೇಳತಾವು. ಸಂಜಿ ಮುಂದ ಇಬ್ಬರೂ ಗುಡಿ ತನಕ ಅಡ್ಡಾಡಿ ಬರತೇವಿ, ಅಕಿ ಸಕ್ಕರಿ ಇನ್ನೂರರ ಕೆಳಗ ಬಂದೈತಿ. ಪಂಚಮಿಗೆ ನಿನಗಂತ ಮಾಡಿದ ಉಂಡಿ ಒಯ್ದು ಕೊಟ್ಟೆ, ಅಕಿ ಒಂದ ತುಣುಕು ಮುರಕೊಂಡು, ಕಡ್ಡಿಬಾಯೇರ ಪಾಲು ಇದು, ಅವರು ಬಂದ ಮ್ಯಾಲ ತಿಂತೇನಿ ಅಂತ ಉಳದದ್ದು ಹೊಳ್ಳಿ ಕೊಟ್ಟಳು. ಉಂಡಿ ಡಬ್ಬಿ ಇನ್ನೂ ಮಾಡದಾಗ ಐತಿ. ನಿನ್ನೆ ಶನಿವಾರ ಕದರಮಂಡಲಗಿಗೆ ಹೋಗಿ ಹನಮಂತದೇವ್ರಿಗೆ ಕಾಯಿ ಒಡಸಿ ಬಂದೆ. ನಮ್ಮ ಹಳೇ ಮನಿ ಮುಂದ ಹಾದು ಬಂದೆ, ಈಗ ಅಲ್ಲಿ ಯಾರೋ ಹಿಟ್ಟಿನ ಗಿರಣಿ ಹಾಕ್ಯಾರ.

ಮೈಲೇಶಗ, ಅವನ ಹೆಂಡ್ತಿಗೆ, ಕೂಸಿಗೆ ನಮ್ಮಿಬ್ಬರ ಆಶೀರ್ವಾದ. ಇವರು ನಿನಗ ನಮಸ್ಕಾರ ಹೇಳ್ಯಾರ, ಕೇಳಿದ್ದಷ್ಟ ಹೇಳಾವರು, ಕೇಳಿದೆ, ಹೇಳಿದ್ರು. ಜೈತೂನಬಿ ಸಲಾಂ ಹೇಳ್ಯಾಳ. ಗುಳಿಗಿ ಬಿಡಬ್ಯಾಡ. ರೊಟ್ಟಿ ಪೂರಾ ತಿನ್ನು.

ನಿನ್ನ ತಂಗಿ,
ನಿರ್ಮಲಾ

ತಾ.ಕ.: ಲಕೋಟಿ ಅಂಟಸಾಕ ಅನ್ನದ ಅಗಳು ಹಚ್ಚಿದ್ದೆ, ಮತ್ತ ಬಿಚ್ಚೇನಿ. ಇವರು ಪೋಸ್ಟಿಗೆ ಹೊಂಟು ಬಾಗಲದಾಗ ನಿಂತಾರ, ಲಗೂ ಬರೀತೇನಿ. ಮ್ಯಾಲ ಬರಿಯೂವಾಗ ನೀ ಕಿಟಕಿಯಾಗಿಂದ ಕೇಳಿದ ಮಾತು ಬರದೆ ನೋಡು, ಅವರಿಗೆ ನಮ್ಮ ಹೆಸರು ಹೆಂಗ ಗೊತ್ತಾದುವು ಅಂತ. ನನ್ನ ಕೈಲೇ ಬರದ ಮ್ಯಾಲ ಅದರ ಅರ್ಥ ನನಗ ಈಗ ಆತು. ನೀ ಅವರ ಮಾತಿಗೆ ಎದ್ದು ಹೋದಾಕಿ ಅಲ್ಲ. ಆ ಹೆಸರು ನಮ್ಮಿಬ್ಬರಿಗಷ್ಟ ಗೊತ್ತು ಅಂದ ಮ್ಯಾಲ ನಾನ ಅವರ ಮುಂದ ಕುಂತು, ನಮ್ಮಕ್ಕ ಬಂದು ಬಿದ್ದಾಳ, ಎಷ್ಟ ದಿನಾ ಇಟಗೊಳ್ಳಲಿ ಅಂತ ಅಂದಿರಬೇಕು ಅಂತ ತಿಳಕೊಂಡು ಹೋದಿ. ನಾ ಐದು ತಿಂಗಳು ನೀ ಅವರ ಮ್ಯಾಲ ಸಿಟ್ಟಾಗೀದಿ ಅಂತ ತಿಳದಿದ್ದೆ. ಅಕ್ಕಾ, ನೀ ನನಗ ಭಾರ ಆಗೀದಿ ಅಂತ ನಾ ಯಾರ ಮುಂದೂ ಅಂದಿಲ್ಲ, ಮನಸಿನ್ಯಾಗೂ ಅಂದಿಲ್ಲ. ಆ ಇಪ್ಪತ್ತೆರಡು ದಿನಾ ನಾ ಭಾಳ ಖುಷಿಲೇ ಇದ್ದೆ. ನಿನ್ನ ಹಾಸಿಗಿ ಇನ್ನೂ ತಗದಿಲ್ಲ. ಸೆಪ್ಟೆಂಬರ್ 5ಕ್ಕ ಎಡಗಣ್ಣಿನ ಆಪರೇಶನ್ ಐತಿ, ಅದಕ್ಕೂ ಮೊದಲ ಬಾ. ಬರಲಿಲ್ಲ ಅಂದ್ರ ಬಿಪಿ ಮತ್ತ ಏರತೈತಿ, ಡಾಕ್ಟರು ಕೇಳಿದ್ರ ಈ ಸಲ ನಾ ಮಗ್ಗಲಮನಿ ಅನ್ನೂದಿಲ್ಲ, ಕುಪ್ಪೇಲೂರು ಅಂತೇನಿ.

ದಬ್ಬಿ